ಬಾಳೆಹಣ್ಣಿನ ಮೇಲೆ ಹೊರಿಸಿದ ಆರೋಪ

ಸುಟ್ಟ ಗೋದಾಮಿನ ಬೂದಿ ಕೆದಕಿ ಬೆಂಕಿ ಯಾವ ಮೂಲೆಯಲ್ಲಿ ಹತ್ತಿತೆಂದು ಹೇಳುವವನು ನಾನು. ವಿಮಾ ಕಂಪನಿಯ ಸರ್ವೇಯರ್! ಅಂಥವನ ಮನೆಯಲ್ಲೇ ಎರಡು ವರ್ಷದ ಮಗಳು ಬೆಳಗಿನಿಂದ ನಾಲ್ಕು ಸಲ ವಾಂತಿ, ಐದು ಸಲ ಭೇದಿ ಮಾಡಿಕೊಂಡರೆ ಸುಮ್ಮನಿರಲಾದೀತೇ? ಅಪರಾಧಿಯನ್ನು ಹಿಡಿದೇ ತೀರುತ್ತೇನೆ ಎಂದು ಘೋಷಿಸಿದೆ.

"ಅಪರಾಧಿ ಆಮೇಲೆ ಸಿಗ್ತಾನೆ, ಮೊದ್ಲು ಡಾಕ್ಟ್ರ ಹತ್ರ ಟೈಮ್ ತಗೊಳ್ರೀ," ಎಂದಳು ಹೆಂಡತಿ.

"ಹನ್ನೆರಡಕ್ಕೆ ಸಿಕ್ಕಿದೆ. ಅಲ್ಲೀವರೆಗೂ ಯಾರೂ ಅಡುಗೆಮನೆ ಮುಟ್ಟಬಾರದು!"

ಹಾಲಿನ ಪಾತ್ರೆ, ಮಗಳು ಕಚ್ಚಿದ ರಬ್ಬರ್ ಬಾತುಕೋಳಿ, ಎಲ್ಲವನ್ನೂ ಚೀಲಕ್ಕೆ ತುಂಬಿ ನಂಬರ್ ಹಾಕಿದೆ. ನೀರಿನ ಫಿಲ್ಟರ್ ಬಿಚ್ಚಿದ್ದು ಸುಲಭ; ಮತ್ತೆ ಜೋಡಿಸಿದಾಗ ಮೂರು ಸ್ಕ್ರೂ ಉಳಿದವು, ನೀರು ಮಾತ್ರ ಉಳಿಯಲಿಲ್ಲ. ಅಡುಗೆಮನೆ ಕೆರೆಯಾಯಿತು! ಆ ಕೆರೆಯ ದಡದಲ್ಲಿದ್ದ ಕಸದ ಬುಟ್ಟಿಯಲ್ಲಿ ಬಾಳೆಹಣ್ಣಿನ ಸಿಪ್ಪೆ ಸಿಕ್ಕಿತು.

"ಅತ್ತೆ, ನಿನ್ನೆ ಮಗೂಗೆ ಬಾಳೆಹಣ್ಣು ಕಿವುಚಿ ತಿನ್ನಿಸಿದ್ದು ನೀವೇ ಅಲ್ವಾ?"

ಅತ್ತೆ ನಾಲ್ಕು ದಿನ ಇದ್ದು ಹೋಗೋಣವೆಂದು ಬಂದವರು. ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚಮಚದಲ್ಲಿ ಓಆರ್‌ಎಸ್ ಕುಡಿಸುತ್ತಿದ್ದರು. ನಾವು ಲೋಟ ಹಿಡಿದರೆ ಎಲ್ಲವನ್ನೂ ಕಾರುತ್ತಿದ್ದ ಮಗು ಅವರ ಕೈಯಿಂದ ಮಾತ್ರ ಗುಟುಕು ಗುಟುಕಾಗಿ ಕುಡಿಯುತ್ತಿತ್ತು.

"ಹೂಂ, ನಾನೇ. ವಿಷ ಹಾಕಿದವಳೂ ನಾನೇ ಅನ್ನಿ ಅಳಿಯಂದ್ರೇ!" ಚಮಚ ನನ್ನ ಹೆಂಡತಿಯ ಕೈಗೆ ಕೊಟ್ಟು ಬಟ್ಟೆ ಮಡಚತೊಡಗಿದರು.

"ಅಮ್ಮ ಹೋದ್ರೆ ಇವಳಿಗೆ ಕುಡಿಸೋರು ಯಾರು? ನಿಮ್ಮ ಆಫೀಸಿನ ಫೈಲಾ?" ಹೆಂಡತಿಯ ಕಣ್ಣಲ್ಲಿ ನೀರು. ನನಗೂ ಒಳಗೊಳಗೇ ಭಯವಾಯಿತು. ಆದರೆ ಸರ್ವೇಯರ್ ಬಗ್ಗುವುದುಂಟೇ! "ಡಾಕ್ಟ್ರು ಹೇಳಲಿ," ಎಂದೆ.

"ಹೇಳಲಿ. ಕೇಳ್ಕೊಂಡೇ ಬಸ್ ಹತ್ತೀನಿ," ಎಂದು ಅತ್ತೆ ಬ್ಯಾಗ್ ಸಮೇತ ಹೊರಟರು.

ಡಾಕ್ಟರಮ್ಮ ಮಗುವಿನ ನಾಲಿಗೆ, ಕಣ್ಣು, ಹೊಟ್ಟೆ ನೋಡಿದರು. ನಾನು ಸಿಪ್ಪೆಯ ಚೀಲವನ್ನು ಮೇಜಿನ ಮೇಲಿಟ್ಟೆ.

"ಮೊದ್ಲು ಇದನ್ನ ತೆಗೀರಿ! ಬಾಳೆಹಣ್ಣಿನ ತಪ್ಪಲ್ಲ, ಇದು ವೈರಸ್. ರೋಟಾ ಲಸಿಕೆ ಹಾಕ್ಸಿದೀರಿ, ಹಾಗಾಗಿ ನೊರೊವೈರಸ್ ಇರ್ಬೇಕು. ಆಂಟಿಬಯಾಟಿಕ್ ಬೇಡ. ಗುಟುಕು ಗುಟುಕಾಗಿ ಕುಡಿಸ್ತಿರೋದು ಯಾರು? ಅದರಿಂದಲೇ ಮಗು ಇಷ್ಟು ಚೆನ್ನಾಗಿದೆ. ಅಂದ ಹಾಗೆ, ಮನೇಲಿ ಇದಕ್ಕೆ ಮುಂಚೆ ಯಾರಿಗಾದ್ರೂ ಹೊಟ್ಟೆ ಕೆಟ್ಟಿತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೊಟ್ಟೆ ಮುಟ್ಟಿಕೊಂಡೆ.

"ಹೊಟ್ಟೆ ಯಾಕ್ರೀ ಮುಟ್ಕೊಂಡ್ರಿ?" ಹೆಂಡತಿ ಕೇಳಿದಳು.

ಮೊನ್ನೆ ಆಫೀಸಿನಲ್ಲಿ ಏಳು ಸಲ ಎದ್ದು ಓಡಿದ್ದೆ! ಕಲ್ಲು ತಿಂದು ಕಲ್ಲು ಅರಗಿಸುತ್ತೇನೆಂದು ಕೊಚ್ಚಿಕೊಳ್ಳುವವನು ಅದನ್ನು ಮನೆಯಲ್ಲಿ ಹೇಳುವುದು ಹೇಗೆ? ಈಗ ಎಲ್ಲರೆದುರು ಒಪ್ಪಿಕೊಳ್ಳಬೇಕಾಯಿತು.

"ಕೈ ತೊಳ್ಕೊಳ್ತಿದ್ರಾ?" ಡಾಕ್ಟರಮ್ಮ.

"ಸ್ಯಾನಿಟೈಸರ್... ಎರಡು ಹನಿ..."

"ಈ ವೈರಸ್ ಅದಕ್ಕೆಲ್ಲ ಜಗ್ಗಲ್ಲ. ಸೋಪು, ನೀರು!"

ನಾಚಿಕೆಯಿಂದ ಭೂಮಿಗಿಳಿದುಹೋದೆ. "ತಪ್ಪಾಯ್ತು ಅತ್ತೆ, ಮನೆಗೆ ನಡೀರಿ," ಎಂದು ಅವರ ಬ್ಯಾಗ್ ಎತ್ತಿಕೊಂಡೆ. ಬಂದರು, ಆದರೆ ಷರತ್ತಿನ ಮೇಲೆ.

ಮೂರನೆಯ ದಿನ ಮಗಳು ಮನೆ ತುಂಬ ಓಡಾಡತೊಡಗಿದಳು. ನಾನು ಟಾಯ್ಲೆಟ್ಟಿನಿಂದ ಹೊರಬಂದರೆ ಬಾಗಿಲಿಗೆ ಅಡ್ಡ ನಿಲ್ಲುವುದು ಆ ಷರತ್ತಿನಂತೆ ಅಜ್ಜಿ ಅವಳಿಗೆ ಕೊಟ್ಟ ಡ್ಯೂಟಿ. ಎರಡೂ ಕೈ ಚಾಚಿ ಮಂಡಿಯೂರಿದೆ. ಸೋಪಿನ ವಾಸನೆ ಇದೆಯೇ ಎಂದು ಅಂಗೈ ಮೂಸಿದಳು. ಬೆರಳ ಸಂದಿ ಮೂಸಿದಳು. ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟಳು:

"ಅಪ್ಪಾ, ಇನ್ನೊಂಚಲ!"