ಒಂದು ಸಾಲು ತೊಗರಿಯ ಲೆಕ್ಕ

ವಾಡಿಯಲ್ಲಿ ಪೋರ್ಚುಗೀಸ್ ಬಲ್ಲವನು ನಾನೊಬ್ಬನೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದನ್ನು ಪರೀಕ್ಷಿಸಬಲ್ಲವರೂ ಇಲ್ಲಿ ಯಾರೂ ಇಲ್ಲ. ಊರಲ್ಲಿ ಒಬ್ಬನಿಗೇ ಗೊತ್ತಿರುವ ವಿದ್ಯೆಯ ಸುಖವೇ ಅದು, ತಪ್ಪು ಹಿಡಿಯುವವರಿರುವುದಿಲ್ಲ. ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡ್ ಮಾತ್ರ ಆಗಾಗ ಕೇಳುತ್ತಾರೆ: "ಆ ಭಾಷಾ ಮಾತಾಡೋ ಮಂದಿ ಈ ಜಂಕ್ಷನ್‌ದಾಗ ಎಂದರ ಇಳದಾರೇನ್ರಿ ಸರ?" ಇಳಿದಿಲ್ಲ.

ಆ ಭಾಷೆ ನನಗೆ ಅಂಟಿದ್ದು ತೊಗರಿಯಿಂದ. ಕೃಷಿ ಪದವಿ ಮುಗಿಸಿ ಪೋರ್ಚುಗೀಸ್ ನಡೆಯುವ ಆಫ್ರಿಕಾದ ಮೊಜಾಂಬಿಕ್‌ನಲ್ಲಿ ನಾಲ್ಕು ವರ್ಷ ತೊಗರಿ ಬೆಳೆಸುವ ಯೋಜನೆಯೊಂದರಲ್ಲಿದ್ದೆ. ವಾಸ ಒಂದು ಹಳ್ಳಿಯಲ್ಲಿ, ಮಾವಿನ ಮರದ ಪಕ್ಕ, ದೋನಾ ಅಮೇಲಿಯಾ ಎಂಬ ಮುದುಕಿಯ ತಗಡಿನ ಮನೆಯಲ್ಲಿ. ಅಲ್ಲಿಗೆ ಹೋದ ಮೊದಲ ವಾರವೇ "ನಾನು ತೊಗರಿ ನಾಡಿನವನು" ಎಂದು ಜಂಬ ಕೊಚ್ಚಿದೆ. ಆಕೆ ಸಂತೋಷಪಟ್ಟು ಕಳೆ ತೆಗೆಯಲು ಹೊಲಕ್ಕೆ ಕರೆದೊಯ್ದಳು. ನನ್ನ ಹುಟ್ಟೂರು ಐನಾಪುರದಲ್ಲಿ ಗಂಡಸರು ಎತ್ತು ಹೂಡಿ ಸಾಲುಗಳ ನಡುವೆ ಎಡೆ ಹೊಡೆಯುತ್ತಾರೆ. ಕುಕ್ಕರಗಾಲಲ್ಲಿ ಕೂತು ಕೈಯಿಂದ ಕಳೆ ಕೀಳುವುದು ಹೆಂಗಸರ ಕೆಲಸ. ಹೀಗಾಗಿ ಕಾಲೇಜಿನಲ್ಲಿ ಕಳೆಗಳ ಹೆಸರು ಕಲಿತಿದ್ದೆನೇ ಹೊರತು ಕಳೆಯ ಎದುರು ಎಂದೂ ಕೂತಿರಲಿಲ್ಲ. ಎಳೆಯ ತೊಗರಿ ಸಸಿಗಳನ್ನು ಪೂರ್ತಿ ಒಂದು ಸಾಲು ಕಿತ್ತು, ಬದುವಿಗೆ ಒಟ್ಟಿ, ಬೆವರು ಒರೆಸಿಕೊಂಡೆ. ಕೀಳಬೇಕಾಗಿದ್ದ ರಾಜಗಿರಿ ಸೊಪ್ಪು ಹಾಗೇ ನಿಂತಿತ್ತು. ಒಂದೇ ಸಾಲು, ಲೆಕ್ಕದಲ್ಲಿ ನಾನು ತಪ್ಪುವವನಲ್ಲ.

ಆಕೆ ಬೈಯಲಿಲ್ಲ. ಆ ಸೊಪ್ಪನ್ನು ಕಿತ್ತು, ಶೇಂಗಾ ಕುಟ್ಟಿ ಹಾಕಿ ಬೇಯಿಸಿ, ನನಗೇ ಮೊದಲು ಬಡಿಸಿದಳು. ನಮ್ಮವ್ವನೂ ಹೊಲದಿಂದ ಬರುವಾಗ ಅದೇ ಸೊಪ್ಪನ್ನು ಉಡಿ ತುಂಬ ತರುತ್ತಿದ್ದಳು. ಅಮೇಲಿಯಾಳ ಮಾತು ಪುಸ್ತಕದ ಕನ್ನಡಕ್ಕೆ ಬರುವುದಿಲ್ಲ, ಐನಾಪುರದ ಕನ್ನಡಕ್ಕೆ ನೇರ ಬರುತ್ತದೆ: "ತಿನ್ನು ಮಗಾ. ಇದನ್ನರ ಕೀಳಲಾರದೆ ಬಿಟ್ಟೀದಿ."

ಈಗ ಮನೆಯಲ್ಲೇ ಕೂತು ಕೃಷಿ, ಪರಿಸರದ ಪದಗಳನ್ನು ಇಂಗ್ಲಿಷಿಗೂ ಪೋರ್ಚುಗೀಸಿಗೂ ನಡುವೆ ಹೊರಳಿಸುತ್ತೇನೆ. ಈ ವರ್ಷ ನಮ್ಮಲ್ಲಿ ತೊಗರಿ ರಾಶಿ ಮುಗಿಯುವ ಹೊತ್ತಿಗೆ ಅಲ್ಲಿ ಚಂಡಮಾರುತ ಬಡಿಯಿತು. ಟಿವಿಯಲ್ಲಿ ಮನೆಗಳ ತಗಡು ಹಾರುವುದನ್ನು ಕಂಡೆ. ಹನ್ನೊಂದು ದಿನ ಅಮೇಲಿಯಾಳಿಗೆ ಫೋನ್ ಮಾಡಿದೆ, ಹತ್ತಲಿಲ್ಲ. ಹನ್ನೆರಡನೆಯ ದಿನ ಅವಳ ಜಿಲ್ಲೆಯ ರೈತರಿಗೆಂದೇ ಒಂದು ಪದಕೋಶದ ಕೆಲಸ ಬಂತು. ಮೂರು ಕಾಲಂ: ಪದ, ಅನುವಾದ, ಉದಾಹರಣೆ ವಾಕ್ಯ. ಮೂರನೆಯದರಲ್ಲಿ ನಾನು ಕೆಟ್ಟೆ. 'ಚಂಡಮಾರುತ'ದ ಎದುರು "ಮಾವಿನ ಮರದ ಪಕ್ಕದ ಮನೆಯ ತಗಡು ಚಂಡಮಾರುತಕ್ಕೆ ಉಳಿಯಿತೇ?" ಎಂದು ಬರೆದೆ. 'ಅಂತರ್ಜಲ'ದ ಎದುರು, "ಆ ಮುದುಕಿಗೆ ಈಗ ಬಾವಿಯ ನೀರು ಸಿಗುತ್ತಿದೆಯೇ?" 'ಕಳೆ'ಯ ಎದುರು, "ಒಬ್ಬ ತಜ್ಞನು ಕಳೆಯನ್ನು ಬಿಟ್ಟು ಒಂದು ಸಾಲು ತೊಗರಿಯನ್ನು ಕಿತ್ತನು."

ಹೆಂಡತಿ ಸುಜಾತಾ ಅರ್ಥ ಕೇಳಿಕೊಂಡು, "ಪದಕೋಶ ಬರೀಲಿಕತ್ತೀರೋ, ಕಾಗದ ಬರೀಲಿಕತ್ತೀರೋ?" ಎಂದಳು.

"ಬರೀ ಉದಾಹರಣೆ ಅದು."

"ಉದಾಹರಣಿ ಬರೆಯೋ ಮುಂದ ಯಾರರ ಕಣ್ಣ ಒರಸ್ಕೋತಾರೇನ್ರಿ?"

ಆ ದಿನ ಅವಳು ರಾಜಗಿರಿ ಸೊಪ್ಪಿಗೆ ಶೇಂಗಾ ಹಾಕಿ ಪಲ್ಯ ಮಾಡಿದಳು. ಚೆನ್ನಾಗಿತ್ತು. ಎರಡನೆಯ ಸಲವೂ ಹಾಕಿಸಿಕೊಂಡೆ. ಆದರೆ ಅಮೇಲಿಯಾಳ ಕೈರುಚಿ ಅದಲ್ಲ.

ಕೆಲಸ ಕೊಟ್ಟವರು ಪದಕೋಶ ನೋಡಿ, ಉದಾಹರಣೆಗಳು ಪ್ರಶ್ನೆಗಳಾಗಿರಬಾರದೆಂದು ಎರಡು ವಾಕ್ಯ ಹೊಡೆದುಹಾಕಿದರು. ಕಳೆಯ ವಾಕ್ಯ ಪ್ರಶ್ನೆಯಲ್ಲವಾದ್ದರಿಂದ ಬದುಕಿತು. ಅಚ್ಚಿಗೆ ಮೊದಲು ಇಂಥವನ್ನು ಹಳ್ಳಿಗಳಲ್ಲಿ ಓದಿ ಹೇಳಿ, ರೈತರಿಗೆ ತಿಳಿಯಿತೋ ಇಲ್ಲವೋ ಎಂದು ನೋಡುವ ಪದ್ಧತಿಯಿದೆ. ತಿಂಗಳಾದ ಮೇಲೆ ಷರಾಗಳೊಂದಿಗೆ ನನ್ನ ಕಡತ ಮರಳಿತು. 'ಕಳೆ'ಯ ಎದುರು ಓದಿ ಹೇಳಿದವನು ಬರೆದಿದ್ದ: ಈ ವಾಕ್ಯ ಕೇಳಿ ಹಿಂದೆ ಕೂತಿದ್ದ ಅಜ್ಜಿಯೊಬ್ಬಳು ಕೆಮ್ಮು ಬರುವಷ್ಟು ನಕ್ಕಳು, ತನ್ನ ಮಾತನ್ನು ಇದ್ದಂತೆ ಬರೆಯಲು ಹಟ ಹಿಡಿದಿದ್ದಾಳೆ. ಇದ್ದಂತೆಯೇ ಐನಾಪುರದ ಕನ್ನಡಕ್ಕೆ ತರುತ್ತೇನೆ: "ಒಂದಲ್ಲ, ಎರಡು ಸಾಲ ಕಿತ್ತಾನ. ಸುಳ್ಳ ಬರದಾನ. ತಿದ್ದರಿ."

ಮೂರು ಸಲ ಓದಿದೆ. ನಾಲ್ಕನೆಯ ಸಲ ಅಕ್ಷರ ಕಾಣಲಿಲ್ಲ. ಸುಜಾತಾಳಿಗೆ ಹೇಳಿದೆ. ಅವಳು, "ಅಂತೂ ನಿಮ್ಮ ತಪ್ಪ ಹಿಡಿಯೋರು ಇನ್ನೂ ಅದಾರ," ಎಂದಳು.

ಪದಕೋಶವನ್ನು ತಿದ್ದಿ ಕಳಿಸಿದೆ. ಮೇಲೆ ನಾನು ಒಂದು ಸಾಲು ಎಂದು ಖಾತ್ರಿಯಾಗಿ ಹೇಳಿದ್ದೇನೆ; ಓದುಗರು ದಯವಿಟ್ಟು ಅಲ್ಲಿಯೂ ಎರಡು ಮಾಡಿಕೊಳ್ಳಬೇಕು.