ಹಂಚಿ ನುಂಗಿದ ಸೊಂಟದ ಮಾತ್ರೆ

ಡಾಕ್ಟರ ಮುಂದೆ ನಾಲಿಗೆ ಚಾಚುವುದೆಂದರೆ ನನಗೆ ಮೊದಲಿಂದಲೂ ನಾಚಿಕೆ. ಮೈಸೂರಿನಲ್ಲಿ ಬಿ.ಎ. ಓದುವಾಗ ಹಾಸ್ಟೆಲಿನಲ್ಲಿದ್ದವರೆಲ್ಲ ನನ್ನಂಥವರೇ. ಯಾರದಾದರೂ ಟ್ರಂಕಿನಲ್ಲಿ ಒಂದು ಸೀಸೆ ಇದ್ದರೆ ಸಾಕು. ಮಾತ್ರೆ ಅವನದು, ರೋಗ ನಮ್ಮನಮ್ಮದು. ಒಮ್ಮೆ ರಜಕ್ಕೆ ಅರಸೀಕೆರೆಗೆ ಹೊರಟಾಗ, ನಮ್ಮೂರಿನ ಕೊಬ್ಬರಿ ವ್ಯಾಪಾರಿಯ ಮಗ ಚಂದ್ರಪ್ಪ ರೈಲಿನಲ್ಲೇ ಸೊಂಟನೋವಿನ ಮಾತ್ರೆ ತೆಗೆದ. "ವಿಲಾಯಿತಿದು ಕಣ್ರೋ!" ಅಂದಮೇಲೆ ಇನ್ನೇನು? ಅವನು ಸೊಂಟಕ್ಕೆ ನುಂಗಿದ, ನಾನು ತಲೆನೋವಿಗೆ ನುಂಗಿದೆ, ನಮ್ಮ ಮನೆಗೆ ಅತಿಥಿಯಾಗಿ ಬರುತ್ತಿದ್ದ ಶಾಮಣ್ಣ ಲಾಜಿಕ್ ಪರೀಕ್ಷೆ ಕೆಟ್ಟ ಬೇಸರಕ್ಕೆ ನುಂಗಿದ. ನಾಳೆಗಿರಲಿ ಎಂದು ಜೇಬಿಗೂ ಹಾಕಿಕೊಂಡೆವು.

ಮಾರನೆಯ ಬೆಳಿಗ್ಗೆ ಹಿತ್ತಲಿಗೆ ಹೋದವನು ನೋಡುತ್ತೇನೆ, ಅಯ್ಯೋ ಶಿವನೇ, ಮೂತ್ರ ಅಚ್ಚ ನೀಲಿ! ಕಾಲೇಜಿನಲ್ಲಿ ಬರೆದ ಮಸಿಯೆಲ್ಲ ಈಗ ಇಳಿಯುತ್ತಿದೆಯೇನೋ ಅನ್ನಿಸಿತು. ಇದು ಸಾಯುವ ರೋಗವೇ ಸರಿ. ಹತ್ತಿರದ ಗಂಡಸಿ ಊರಿನ ಹುಡುಗಿಯೊಂದಿಗೆ ನನ್ನ ಮದುವೆ ಗೊತ್ತಾಗಿತ್ತು. ಸಾಯುವವನು ತಾಳಿ ಕಟ್ಟಿ ಆ ಹುಡುಗಿಯ ಬಾಳು ಹಾಳುಮಾಡುವುದೇ? ಸಂಜೆ ಅಪ್ಪನಿಗೆ "ಈ ಸಂಬಂಧ ಬೇಡ" ಎಂದುಬಿಡಬೇಕು, ಕಾರಣ ಮಾತ್ರ ಹೇಳಬಾರದು ಎಂದು ನಿಶ್ಚಯಿಸಿದೆ. ಅಷ್ಟರಲ್ಲಿ ಹಳೇಬೀಡು ನೋಡಲು ಗೆಳೆಯರು ಹೊರಟು ನಿಂತಿದ್ದರು.

ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಆ ಕಾಲದ ಬಸ್ಸು ಕೆಮ್ಮುತ್ತಾ ಹಳೇಬೀಡು ಮುಟ್ಟಿದಾಗ ಉರಿಬಿಸಿಲು. ಬೇಡಬೇಡವೆಂದರೂ ಬಾಯಾರಿಕೆ ಕೇಳಬೇಕಲ್ಲ. ಎರಡೆರಡು ಎಳನೀರು ಇಳಿಸಿದೆವು. ಸ್ವಲ್ಪ ಹೊತ್ತಿಗೆ, ಯಾವಾಗಲೂ ಸಾಲಾಗಿ ನಿಲ್ಲುವ ಮೂವರೂ ಊರಾಚೆಯ ಕತ್ತಾಳೆ ಬೇಲಿಯತ್ತ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದೆವು. ನಾನು ಹುಡುಕಿಕೊಂಡ ಮರೆಯಲ್ಲಿ ಶಾಮಣ್ಣ ಮೊದಲೇ ನಿಂತು ಅಳುತ್ತಿದ್ದ.

"ನನ್ನ ಕಥೆ ಮುಗೀತು ಕಣೋ. ನೋಡು, ನೀಲಿ!"

"ನಿಂಗೂನಾ?"

ಬೇಲಿಯಾಚೆಯಿಂದ ಚಂದ್ರಪ್ಪ ಕೂಗಿದ: "ಲೇ, ನಂದೂ ಅದೇ ಬಣ್ಣ ಕಣ್ರೋ!"

ಶಾಮಣ್ಣ ಕಣ್ಣೊರೆಸಿಕೊಂಡ. "ತಡೀರಿ. ರೋಗ ಮೂರು ಥರ, ಬಣ್ಣ ಮಾತ್ರ ಒಂದೇ. ಅಂದ್ರೆ ಇದು ರೋಗದ ಬಣ್ಣ ಅಲ್ಲ, ಮಾತ್ರೆದು!" ಲಾಜಿಕ್ಕಿನಲ್ಲಿ ಅವನು ಪಾಸಾದದ್ದು ಆ ಬೇಲಿಯ ಮರೆಯಲ್ಲಿಯೇ. ಹೋದ ಜೀವ ಬಂದ ಹಾಗಾಯಿತು. ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದೆವು. "ಏನ್ರಲಾ, ಎಳನೀರು ನೆತ್ತಿಗೇರ್ತಾ?" ಎಂದು ಎಳನೀರಿನವನು ನಕ್ಕ. ಜೇಬಿನ ಮಾತ್ರೆಗಳನ್ನು ಅಲ್ಲೇ ಎಸೆದೆವು. ಎರಡು ದಿನದಲ್ಲಿ ಬಣ್ಣವೂ ಹೋಯಿತು.

ಮದುವೆ ಸಾಂಗವಾಗಿ ನಡೆಯಿತು. ಮೊನ್ನೆ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಿಟ್ಟುಸಿರಿಟ್ಟು, "ಅವತ್ತು ಆ ಎಳನೀರಿನವನು ಸಿಗದೇ ಹೋಗಿದ್ರೆ ನಾನು ಪಾರಾಗ್ತಿದ್ದೆ ಕಣ್ರೀ," ಅಂದಳು.

ಆಗಿನಿಂದ ಸಣ್ಣಗೆ ತಲೆನೋವು. ಪಕ್ಕದ ಮನೆಯವರ ಹತ್ತಿರ ಯಾವುದೋ ಮಾತ್ರೆ ಇದೆಯಂತೆ, ಕೇಳಿ ನೋಡಬೇಕು.