ಉಸಿರಾಟದ ತರಗತಿಗೆ ಬೀಗ ಹಾಕಿಸಿದ ಆಡಳಿತಾಧಿಕಾರಿಗಳಿಗೆ

ಆಸ್ಪತ್ರೆಯ ಆಡಳಿತಾಧಿಕಾರಿಗಳಾದ ಪರಮ ಮಾನ್ಯರೇ,

ಹಿಟ್ಟಿನ ಗಿರಣಿಯಲ್ಲಿ ಆಯುಷ್ಯ ಸವೆಸಿ, ಈಗ ಹಾಸಿಗೆಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಏದುಸಿರು ಬಿಡುವ ಒಬ್ಬ ಮುದುಕನ ನಮಸ್ಕಾರಗಳು. ನಮಸ್ಕಾರ ನಡುನಡುವೆ ನಿಂತು ನಿಂತು ಬಂದರೆ ಅಗೌರವವೆಂದು ಭಾವಿಸಬಾರದು, ಅದು ಉಸಿರಿನ ಕೊರತೆ.

ಶ್ವಾಸಕೋಶ ಕೆಟ್ಟವರಿಗೆ ನಡಿಗೆ, ವ್ಯಾಯಾಮ ಕಲಿಸುವ ತರಗತಿಯನ್ನು ತಾವು ಮೂರನೆಯ ಮಹಡಿಯಲ್ಲಿಟ್ಟು, ಲಿಫ್ಟನ್ನು ಸಿಬ್ಬಂದಿಗೆ ಮೀಸಲಿಟ್ಟಿರಿ. ಹತ್ತಬಲ್ಲವನಿಗೆ ತರಗತಿ ಬೇಡ, ಬೇಕಾದವನು ಹತ್ತಲಾರ. ಇಷ್ಟು ನಾಜೂಕಿನ ಜರಡಿ ನಮ್ಮ ಗಿರಣಿಯಲ್ಲೂ ಇರಲಿಲ್ಲ. ಆದರೂ ಹತ್ತಿದೆವು. ಬಿಸಿನೀರು ಆರಿಸುವಂತೆ ತುಟಿ ಮುಂದೆ ಮಾಡಿ ಮೆಲ್ಲಗೆ ಉಸಿರೂದುವುದನ್ನು ವ್ಯಾಯಾಮದ ಮೇಡಂ ಕಲಿಸಿದ ಮೇಲೆ, ನಾನೊಬ್ಬನೇ ಬೀದಿಯ ತಿರುವಿನವರೆಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬಂದೆ. ನನ್ನವಳು ಬಾಗಿಲಲ್ಲೇ, "ಯಾರು ಕರ್ಕೊಂಡು ಹೋಗಿದ್ರು?" ಎಂದಳು. "ನನ್ನ ಕಾಲು" ಎಂದೆ. ಅವಳು ಒಳಗೆ ಹೋಗಿ ಬಹಳ ಹೊತ್ತು ಪಾತ್ರೆ ಸದ್ದು ಮಾಡಿದಳು.

ನೂಲಿನ ಕಾರ್ಖಾನೆಯಲ್ಲಿ ದುಡಿದಿದ್ದ, ತರಗತಿಯವರೆಲ್ಲ ಅಕ್ಕ ಎನ್ನುವ ಹಿರಿಯಾಕೆ ಒಂದು ದಿನ ಮೆಟ್ಟಿಲಲ್ಲೇ ಕುಸಿದರು, ತುಟಿ ನೀಲಿಗಟ್ಟಿತ್ತು. ಲಿಫ್ಟಿನವನನ್ನು ಬೇಡಿಕೊಂಡರೆ ಆತ, ಪಾಪ, ವ್ಯಾಯಾಮಕ್ಕೆ ಬಂದವರು ಹತ್ತಿಯೇ ಬರಬೇಕೆಂಬ ತಮ್ಮ ಅಪ್ಪಣೆಯನ್ನು ಒಪ್ಪಿಸಿದ. ಅಕ್ಕ ಬದುಕಿದರು, ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಹೆದರಿ ಹಲವರು ಬಿಟ್ಟರು. ಆಗ ತಾವು, ಹಾಜರಾತಿ ಕಡಿಮೆ, ರೋಗಿಗಳಿಗೇ ಆಸಕ್ತಿಯಿಲ್ಲ ಎಂದು ತರಗತಿಗೆ ಬೀಗ ಹಾಕಿಸಿ, ಮೇಡಂ ಅವರನ್ನು ಉಗ್ರಾಣಕ್ಕೆ ಕಳಿಸಿದಿರಿ. ಕತ್ತು ಹಿಸುಕಿ, ಇವನಿಗೆ ಮಾತಾಡುವ ಆಸಕ್ತಿಯಿಲ್ಲ ಎಂದು ಷರಾ ಬರೆಯುವ ಜಾಣ್ಮೆಗೆ ಯಾವ ಬಿರುದು ಸಾಲೀತು?

ಉಳಿದ ನಾವು ನೆಲಮಹಡಿಯಲ್ಲಿ, ತಮ್ಮ ಕೋಣೆಯ ಎದುರಿನ ಪಡಸಾಲೆಯಲ್ಲೇ ಕೈಕಾಲು ಆಡಿಸತೊಡಗಿದೆವು. ಮೇಡಂ ಊಟದ ಬಿಡುವಿನಲ್ಲಿ ಬಂದು ನಿಂತರು. ಅಕ್ಕನನ್ನು ಅವರ ಮಗಳು ಗಾಲಿಕುರ್ಚಿಯಲ್ಲಿ ಕರೆತಂದಳು. ತಾವು ಹೊರಬಂದು, "ಗಾಳಿಗೆ ಅಡ್ಡ ನಿಂತಿದ್ದೀರಿ, ಸರೀರಿ" ಎಂದಿರಿ. ಗಾಳಿಯ ಮಹತ್ವವನ್ನು ನಮ್ಮಂಥವರಿಗೆ ತಿಳಿಸಿಕೊಟ್ಟ ಉಪಕಾರ ದೊಡ್ಡದು. ಅಕ್ಕ ಉಸಿರು ಕೂಡಿಸಿಕೊಂಡು ಹೇಳಿದರು: "ಸರೀತೀವಿ ಸಾರ್. ನಮಗೆ ಸ್ವಲ್ಪ ಹೊತ್ತು ಹಿಡಿಯುತ್ತೆ."

ಅಂದಿನಿಂದ ದಿನವೂ ಬಂದು ಸರಿಯುತ್ತಲೇ ಇದ್ದೇವೆ; ಬಿಟ್ಟುಹೋದವರೂ ಸರಿಯಲು ಬರುತ್ತಿದ್ದಾರೆ. ಆದ್ದರಿಂದ ತರಗತಿ ಮತ್ತೆ ತೆರೆಯುವ ಕಷ್ಟ ತಮಗೆ ಬೇಡ. ಕಚೇರಿ ವೇಳೆ ಮುಗಿದ ಮೇಲೆ ಯಾವ ರೋಗಿಯೂ ಉಸಿರಾಡಕೂಡದೆಂದು ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಪಡಸಾಲೆ ತಾನಾಗಿ ಖಾಲಿಯಾಗುತ್ತದೆ.

ಉಸಿರಿರುವವರೆಗೆ ತಮ್ಮ ವಿಶ್ವಾಸಿ,
ಗಿರಣಿಯ ಮುದುಕ

ಮರೆತ ಮಾತು: ನಿನ್ನೆ ಅಕ್ಕ ಗಾಲಿಕುರ್ಚಿಯಿಂದ ಎದ್ದು, ತಮ್ಮ ಬಾಗಿಲವರೆಗೆ ನಡೆದು ಬಂದು ತಟ್ಟಿದರು. ತಾವು ಒಳಗಿದ್ದೂ ತೆರೆಯಲಿಲ್ಲ. ಬೇಸರವಿಲ್ಲ. ತಮ್ಮ ಮೇಲಧಿಕಾರಿಗಳ ಬಾಗಿಲು ಇನ್ನೂ ಸ್ವಲ್ಪ ದೂರವಂತೆ; ಅಕ್ಕ ಅಭ್ಯಾಸ ಶುರುಮಾಡಿದ್ದಾರೆ.